ಕ್ಯಾಮೆರಾ ಓದದ ನಂಬರ್ ಪ್ಲೇಟ್, ವರದಿಯಲ್ಲಿಲ್ಲದ ಸಾಲು: ನ್ಯೂಯಾರ್ಕ್ ನಗರದ ಪ್ರಕರಣ

ಸಿಗ್ನಲ್ ಜಂಪ್ ಮಾಡುವ ವಾಹನಗಳನ್ನು ನ್ಯೂಯಾರ್ಕ್ ನಗರ ಕ್ಯಾಮೆರಾದಿಂದ ಹಿಡಿಯತೊಡಗಿದ್ದು 1994ರಲ್ಲಿ. ಶಾಲೆಗಳ ಸುತ್ತಮುತ್ತ ವೇಗದ ಕ್ಯಾಮೆರಾ ಇಡಲು ರಾಜ್ಯ ಶಾಸನಸಭೆ 2013ರಲ್ಲಿ ಒಪ್ಪಿತು. ಮೊದಲಿಗೆ 20 ಶಾಲಾ ವಲಯಗಳು. 2019ರ ತಿದ್ದುಪಡಿಯ ನಂತರ 750. 2022ರ ಆಗಸ್ಟ್ 1ರಿಂದ ಇವು ಹಗಲು ರಾತ್ರಿ, ವಾರದ ಏಳೂ ದಿನ ಕೆಲಸ ಮಾಡುತ್ತಿವೆ. ವೇಗಮಿತಿಗಿಂತ ಗಂಟೆಗೆ 10 ಮೈಲಿಗೂ ಹೆಚ್ಚು ಓಡಿಸಿದರೆ 50 ಡಾಲರ್ ದಂಡ. ಲೈಸೆನ್ಸಿಗೆ ಪಾಯಿಂಟ್ ಬೀಳುವುದಿಲ್ಲ, ಯಾರು ಓಡಿಸುತ್ತಿದ್ದರು ಎಂದು ಕೇಳುವುದೂ ಇಲ್ಲ. ಹೊಣೆ ಪೂರ್ತಿಯಾಗಿ ವಾಹನದ ಮಾಲೀಕರದು.

ಹೀಗಾಗಿ ಇಡೀ ವ್ಯವಸ್ಥೆಗೆ ಆಧಾರ ಒಂದೇ ವಸ್ತು: 12 ಅಂಗುಲ ಅಗಲ, 6 ಅಂಗುಲ ಎತ್ತರದ ಅಲ್ಯೂಮಿನಿಯಂ ತಗಡು. ಅದನ್ನು ಓದಲಾಗದಿದ್ದರೆ ವೇಗ ಎಷ್ಟೇ ಇರಲಿ, ನೋಟಿಸ್ ಇಲ್ಲ. ನೋಟಿಸ್ ಇಲ್ಲದ ಘಟನೆ ಸರ್ಕಾರದ ವಾರ್ಷಿಕ ವರದಿಯಲ್ಲಿ ಎಲ್ಲಿ ಹೋಗಿ ಸೇರುತ್ತದೆ ಎಂಬುದೇ ಈ ಪ್ರಕರಣದ ವಿಷಯ. ತಪ್ಪಿಹೋದ ದಂಡದ ಹಣಕ್ಕಿಂತ ದೊಡ್ಡ ನಷ್ಟ ಇಲ್ಲಿದೆ. ಓದಲಾಗದ ಪ್ಲೇಟುಗಳನ್ನು ಬೇರೆಯಾಗಿ ಎಣಿಸದ ವರದಿಯನ್ನು ಓದಿದವರು, ರಸ್ತೆ ಸುರಕ್ಷಿತವಾಗುತ್ತಿದೆಯೇ ಇಲ್ಲವೇ ಎಂಬ ಪ್ರಶ್ನೆಗೇ ತಪ್ಪು ಉತ್ತರ ಪಡೆಯುತ್ತಾರೆ.

ಚಿತ್ರದಿಂದ ನೋಟಿಸಿನವರೆಗೆ

ರಾತ್ರಿ, 25 ಮೈಲಿ ಮಿತಿಯ ರಸ್ತೆಯಲ್ಲಿ 42ರ ವೇಗದಲ್ಲಿ ಹೋದ ಒಂದು ಕಾರನ್ನು ಉದಾಹರಣೆಯಾಗಿ ಹಿಡಿಯೋಣ. ವೇಗ ಅಳೆಯುವ ಸಾಧನ ಮಿತಿ ದಾಟಿದ್ದನ್ನು ಗುರುತಿಸಿ, ಕಾನೂನು ಹೇಳುವಂತೆ ಎರಡು ಅಥವಾ ಹೆಚ್ಚು ಚಿತ್ರ ತೆಗೆಯುತ್ತದೆ. ಸಾಫ್ಟ್‌ವೇರ್ ಚಿತ್ರದಲ್ಲಿ ಪ್ಲೇಟ್ ಎಲ್ಲಿದೆ ಎಂದು ಹುಡುಕಿ, ಅಕ್ಷರಗಳನ್ನು ಬಿಡಿಸಿ ಓದಿ, ಯಾವ ರಾಜ್ಯದ್ದೆಂದು ಅಂದಾಜಿಸುತ್ತದೆ. ಆ ಸಂಖ್ಯೆಯನ್ನು ನೋಂದಣಿ ದಾಖಲೆಯಲ್ಲಿ ಹುಡುಕಿದಾಗ ಮಾಲೀಕರ ವಿಳಾಸ, ವಾಹನದ ತಯಾರಕರು, ಮಾದರಿ ಸಿಗಬೇಕು. ಚಿತ್ರದಲ್ಲಿರುವ ವಾಹನ ದಾಖಲೆಯ ವಾಹನಕ್ಕೆ ಹೊಂದಬೇಕು. ಕೊನೆಗೆ ನಗರದ ತಂತ್ರಜ್ಞರೊಬ್ಬರು ಚಿತ್ರಗಳನ್ನು ಪರಿಶೀಲಿಸಿ ಪ್ರಮಾಣೀಕರಿಸುತ್ತಾರೆ. ವಿಚಾರಣೆಯಲ್ಲಿ ಆ ಪ್ರಮಾಣಪತ್ರವೇ ಮೇಲ್ನೋಟದ ಸಾಕ್ಷ್ಯ. ನೋಟಿಸ್ ಅಂಚೆಯಲ್ಲಿ ಹೊರಡಲು ಗಡುವೂ ಇದೆ: ಮಾಲೀಕರು ರಾಜ್ಯದೊಳಗಿನವರಾದರೆ 14 ಕೆಲಸದ ದಿನ, ಹೊರಗಿನವರಾದರೆ 45.

ಈ ಸರಪಳಿಯಲ್ಲಿ ಎಲ್ಲಿ ಬೇಕಾದರೂ ಕೊಂಡಿ ಕಳಚಬಹುದು. ಎಲ್ಲಿ ಕಳಚಿದರೂ ಹೊರಗಿನವರಿಗೆ ಕಾಣುವ ಫಲಿತಾಂಶ ಒಂದೇ, ನೋಟಿಸ್ ಹೋಗಲಿಲ್ಲ. ಆದರೆ ಕಾರಣಗಳು ಬೇರೆ, ಅವಕ್ಕೆ ಬೇಕಾದ ಮದ್ದೂ ಬೇರೆ. ಮೂರು ಕಾರಣ ತಗಡಿನಲ್ಲಿವೆ, ಒಂದು ಕ್ಯಾಮೆರಾದಲ್ಲಿ, ಒಂದು ದಾಖಲೆಯಲ್ಲಿ.

ಮೊದಲನೆಯದು ಪ್ಲೇಟೇ ಇಲ್ಲದಿರುವುದು. ಎರಡನೆಯದು ಇದ್ದೂ ಮುಚ್ಚಿರುವುದು: ಬಣ್ಣದ ಅಥವಾ ಮಂಜು ಪ್ಲಾಸ್ಟಿಕ್ಕಿನ ಕವರ್, ಒಂದು ಅಂಕೆಯ ಮೇಲೆ ಅಂಟಿಸಿದ ಟೇಪ್ ಅಥವಾ ಎಲೆ, ಮೇಲಕ್ಕೆ ಮಡಚಿದ ತಗಡು, ಹಿಂದೆ ಸಿಕ್ಕಿಸಿದ ಸೈಕಲ್ ರ‍್ಯಾಕ್, ರಾಜ್ಯದ ಹೆಸರನ್ನೇ ಮುಚ್ಚುವ ಅಲಂಕಾರದ ಚೌಕಟ್ಟು. ಚೌಕಟ್ಟು ನಿರುಪದ್ರವಿಯಂತೆ ಕಾಣುತ್ತದೆ. ಆದರೆ ಅದೇ ಅಕ್ಷರ, ಅದೇ ಅಂಕೆಗಳು ಎರಡು ರಾಜ್ಯಗಳಲ್ಲಿ ಇಬ್ಬರು ಮಾಲೀಕರಿಗೆ ಇರಬಹುದು. ರಾಜ್ಯ ಯಾವುದೆಂದು ಖಚಿತವಾಗದಿದ್ದರೆ ತಂತ್ರಜ್ಞರು ಸಹಿ ಹಾಕುವಂತಿಲ್ಲ, ಹಾಕಲೂಬಾರದು. ನ್ಯೂಯಾರ್ಕ್ ರಾಜ್ಯದ ವಾಹನ ಕಾಯ್ದೆಯ 402ನೇ ಕಲಂ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಪ್ಲೇಟಿನ ಮೇಲೆ ಗಾಜು, ಪ್ಲಾಸ್ಟಿಕ್ ಹೊದಿಕೆ ಇರಕೂಡದು. ಛಾಯಾಚಿತ್ರವನ್ನು ಮಸುಕಾಗಿಸುವ ಲೇಪ ಇರಕೂಡದು. ಪ್ಲೇಟ್ ಅಲ್ಲಾಡದಂತೆ ಬಿಗಿದಿರಬೇಕು. ನೆಲದಿಂದ 12ರಿಂದ 48 ಅಂಗುಲದ ನಡುವೆ ಇರಬೇಕು.

ಮೂರನೆಯದು ಸವೆತ, ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನ್ಯೂಯಾರ್ಕಿನ ಪ್ಲೇಟುಗಳು ತಯಾರಾಗುವುದು ಆಬರ್ನ್ ಸೆರೆಮನೆಯಲ್ಲಿ. ತಗಡಿನ ಮೇಲೆ ಬೆಳಕನ್ನು ಬಂದ ದಿಕ್ಕಿಗೇ ತಿರುಗಿಸುವ ಪ್ರತಿಫಲಕ ಹಾಳೆ ಅಂಟಿಸಿ, ಅಕ್ಷರಗಳನ್ನು ಉಬ್ಬಿಸಿ, ಉಬ್ಬಿದ ಭಾಗಕ್ಕೆ ಬಣ್ಣ ಕೊಡುತ್ತಾರೆ. 2010ರಲ್ಲಿ ಬಂದ ಚಿನ್ನದ ಬಣ್ಣದ ಪ್ಲೇಟುಗಳಲ್ಲಿ ಬಹಳಷ್ಟರ ಹಾಳೆ ಅಂಚಿನಿಂದ ಎದ್ದು, ಗುಳ್ಳೆ ಕಟ್ಟಿ, ಚಕ್ಕೆಯಾಗಿ ಉದುರಿತು. ಹಾಳೆ ಉದುರಿದಾಗ ಅದರ ಮೇಲಿನ ಬಣ್ಣವೂ ಹೋಗುತ್ತದೆ. ಉಳಿಯುವುದು ಬರಿ ತಗಡು, ಅದರಲ್ಲಿ ಉಬ್ಬಿದ ಅಂಕೆ. ಹಗಲಿನಲ್ಲಿ ಹತ್ತಿರ ನಿಂತವರು ಉಬ್ಬಿನ ನೆರಳಿನಿಂದ ಅಂಕೆಯನ್ನು ಓದಿಬಿಡುತ್ತಾರೆ. ರಾತ್ರಿ ಕ್ಯಾಮೆರಾದ ಫ್ಲಾಶ್ ಅಥವಾ ಅವಗೆಂಪು ಬೆಳಕು ಬಿದ್ದಾಗ ಮಾತ್ರ ಅಕ್ಷರಕ್ಕೂ ಹಿನ್ನೆಲೆಗೂ ಅಂತರವೇ ಇರುವುದಿಲ್ಲ, ಏಕೆಂದರೆ ಎರಡೂ ಬರಿ ಅಲ್ಯೂಮಿನಿಯಂ. ಇಂಥ ಕಾರಿನ ಮಾಲೀಕರು ಏನೂ ತಪ್ಪು ಮಾಡಿಲ್ಲ. ಸಿಪ್ಪೆ ಎದ್ದ ಪ್ಲೇಟನ್ನು ರಾಜ್ಯ ಉಚಿತವಾಗಿ ಬದಲಿಸಿಕೊಡುತ್ತಿದ್ದುದೂ ಇದೇ ಕಾರಣಕ್ಕೆ.

ನಾಲ್ಕನೆಯ ಕಾರಣ ಪ್ಲೇಟಿನದಲ್ಲ, ಕ್ಯಾಮೆರಾದ್ದು. ಮಸೂರದ ಮೇಲೆ ಹಿಮ, ಎದುರಿನ ಹೆಡ್‌ಲೈಟಿನ ಪ್ರಖರತೆ, ಗಾಳಿಗೆ ಸರಿದ ಕಂಬ, ನಡುವೆ ಬಂದ ಟ್ರಕ್, ನಿಧಾನವಾದ ಶಟರ್. 50 ಮೈಲಿ ವೇಗದ ಕಾರು ಸೆಕೆಂಡಿಗೆ ಸುಮಾರು 22 ಮೀಟರ್ ಸಾಗುತ್ತದೆ. ಸೆಕೆಂಡಿನ ಐನೂರನೇ ಒಂದು ಭಾಗ ಶಟರ್ ತೆರೆದಿದ್ದರೆ ಅಷ್ಟರಲ್ಲೇ 4.5 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಕ್ಯಾಮೆರಾ ನೇರ ಹಿಂದಿದ್ದರೆ ಈ ಚಲನೆ ಚಿತ್ರದಲ್ಲಿ ಅಷ್ಟಾಗಿ ಕಾಣದು. ಪಕ್ಕದಿಂದ ಓರೆಯಾಗಿ ನೋಡುತ್ತಿದ್ದರೆ ಅದರ ದೊಡ್ಡ ಪಾಲು ಅಡ್ಡ ಕದಡುವಿಕೆಯಾಗಿ ಅಕ್ಷರದ ಗೆರೆಯನ್ನೇ ಅಳಿಸುತ್ತದೆ. ಇದನ್ನು 'ಓದಲಾಗದ ಪ್ಲೇಟ್' ಎಂದು ಬರೆದುಕೊಂಡರೆ ಇಲಾಖೆ ತನ್ನ ಉಪಕರಣದ ದೋಷವನ್ನು ಸವಾರರ ತಲೆಗೆ ಕಟ್ಟಿದಂತೆ.

ಐದನೆಯದು ಎಲ್ಲಕ್ಕಿಂತ ಗೊಂದಲ ಹುಟ್ಟಿಸುವಂಥದ್ದು. ಪ್ಲೇಟನ್ನು ಸ್ಪಷ್ಟವಾಗಿ ಓದಬಹುದು, ಆದರೆ ಆ ಸಂಖ್ಯೆಗೆ ಮಾಲೀಕರಿಲ್ಲ, ಅಥವಾ ಸಿಗುವ ಮಾಲೀಕರು ಬೇರೆ ವಾಹನದವರು. ಹೊರರಾಜ್ಯಗಳ ಡೀಲರುಗಳ ಹೆಸರಿನಲ್ಲಿ ಮುದ್ರಿಸಿ ಮಾರಿದ ತಾತ್ಕಾಲಿಕ ಕಾಗದದ ಪ್ಲೇಟುಗಳು ನ್ಯೂಯಾರ್ಕಿನ ಬೀದಿಗಳಲ್ಲಿ ತುಂಬಿಕೊಂಡದ್ದು ಈ ಗುಂಪಿಗೆ ಸೇರುತ್ತದೆ. ಟೆಕ್ಸಸ್‌ನ ಕಾಗದದ ಪ್ಲೇಟು ಎಷ್ಟು ದುರುಪಯೋಗವಾಯಿತೆಂದರೆ, ಆ ರಾಜ್ಯ 2025ರ ಜುಲೈ 1ರಿಂದ ಅದನ್ನು ಕೈಬಿಟ್ಟು ಡೀಲರುಗಳಿಗೆ ಲೋಹದ ಪ್ಲೇಟನ್ನೇ ಕೊಡತೊಡಗಿತು. ಇಲ್ಲಿ ಕ್ಯಾಮೆರಾ ಬದಲಿಸಿದರೆ ಏನೂ ಪ್ರಯೋಜನವಿಲ್ಲ. ನೂರಕ್ಕೆ ನೂರು ಸರಿಯಾಗಿ ಓದಿದರೂ ನೋಟಿಸ್ ಕಳಿಸಲು ವಿಳಾಸವಿರುವುದಿಲ್ಲ.

ಕಾನೂನು ಕೇಳುವ ವರದಿ

ಕ್ಯಾಮೆರಾ ಅನುಮತಿಯ ಜೊತೆಗೇ ಶಾಸನಸಭೆ ವಾರ್ಷಿಕ ವರದಿಯ ಷರತ್ತನ್ನೂ ಹಾಕಿತ್ತು. ವೇಗ ಕ್ಯಾಮೆರಾಗಳ 1180-ಬಿ ಕಲಂ ಕೇಳುವ ಬಾಬ್ತುಗಳು ಸಾಕಷ್ಟಿವೆ: ಎಲ್ಲಿ, ಯಾವ ದಿನ ಕ್ಯಾಮೆರಾ ಬಳಕೆಯಾಯಿತು, ಆ ವಲಯಗಳಲ್ಲಿ ಅಪಘಾತ, ಸಾವು, ಗಾಯ ಎಷ್ಟು, ದಾಖಲಾದ ಉಲ್ಲಂಘನೆಗಳು ವೇಗದ ಹಂತವಾರು ಎಷ್ಟು, ನೋಟಿಸ್ ಎಷ್ಟು ಹೋದವು, ಮೊದಲ ನೋಟಿಸಿಗೇ ಎಷ್ಟು ಜನ ಕಟ್ಟಿದರು, ವಿಚಾರಣೆಗೆ ಬಂದವು ಏನಾದವು, ಆದಾಯ, ಖರ್ಚು. ಸಿಗ್ನಲ್ ಕ್ಯಾಮೆರಾಗಳ 1111-ಎ ಕಲಂ ಕೂಡ ಹೆಚ್ಚುಕಡಿಮೆ ಇದನ್ನೇ ಕೇಳುತ್ತದೆ.

ಗಮನಿಸಬೇಕಾದದ್ದು ಎರಡು ಸಂಖ್ಯೆಗಳನ್ನು: 'ದಾಖಲಾದ ಉಲ್ಲಂಘನೆ' ಮತ್ತು 'ಹೋದ ನೋಟಿಸ್'. ಇವೆರಡರ ನಡುವಿನ ವ್ಯತ್ಯಾಸದಲ್ಲೇ ಓದಲಾಗದ ಪ್ಲೇಟುಗಳಿರುವುದು. ಆದರೆ ಮೂಲ ಕಾನೂನಿನ ಪಟ್ಟಿ ಆ ವ್ಯತ್ಯಾಸವನ್ನು ಕಾರಣವಾರು ಬಿಡಿಸಿ ತೋರಿಸಲು ಕೇಳಿರಲಿಲ್ಲ. ತುರ್ತು ಸೇವೆಯ ಆಂಬುಲೆನ್ಸ್, ಮಸುಕಾದ ಚಿತ್ರ, ಕವರ್ ಹಾಕಿದ ಪ್ಲೇಟ್, ನಕಲಿ ಕಾಗದ, ಎಲ್ಲವೂ ಒಂದೇ ಕಳೆಯುವ ಲೆಕ್ಕದೊಳಗೆ ಕರಗಿಹೋಗುತ್ತವೆ. ಇನ್ನು, ಸಾಫ್ಟ್‌ವೇರ್ ಮೊದಲ ಹಂತದಲ್ಲೇ ತಳ್ಳಿಹಾಕಿದ ಚಿತ್ರವನ್ನು 'ದಾಖಲಾದದ್ದು' ಎಂದು ಎಣಿಸಬೇಕೋ ಬೇಡವೋ ಎಂಬುದನ್ನು ವರದಿಯಲ್ಲೇ ವಿವರಿಸದಿದ್ದರೆ ಕಳೆಯುವ ಲೆಕ್ಕವೂ ನಂಬಲರ್ಹವಲ್ಲ.

ಇದರಿಂದ ಆಗುವ ಅನಾಹುತವನ್ನು ಒಂದು ಕಾಲ್ಪನಿಕ ಲೆಕ್ಕದಿಂದ ತಿಳಿಯಬಹುದು. ಒಂದು ಕ್ಯಾಮೆರಾ ಮೊದಲ ವರ್ಷದ ಒಂದು ತಿಂಗಳಲ್ಲಿ 1,000 ಉಲ್ಲಂಘನೆ ಕಂಡಿತು. 50 ತಿರಸ್ಕೃತವಾಗಿ 950 ನೋಟಿಸ್ ಹೋದವು. ಎರಡನೇ ವರ್ಷ ಅದೇ ತಿಂಗಳಲ್ಲಿ 900 ಉಲ್ಲಂಘನೆ. 200 ತಿರಸ್ಕೃತ, 700 ನೋಟಿಸ್. ನೋಟಿಸ್ ಲೆಕ್ಕ ಹಿಡಿದರೆ ಅತಿವೇಗ ಶೇ 26ರಷ್ಟು ಇಳಿದಿದೆ. ರಸ್ತೆಯಲ್ಲಿ ನಿಜವಾಗಿ ಇಳಿದದ್ದು ಶೇ 10. ಉಳಿದ ಇಳಿಕೆ ತಿರಸ್ಕೃತ ಚಿತ್ರಗಳ ಕೊಡುಗೆ. ಕ್ಯಾಮೆರಾ ಇರುವ ಕಡೆ ಅತಿವೇಗ ಶೇ 70ಕ್ಕೂ ಹೆಚ್ಚು ಇಳಿದಿದೆ ಎಂದು ನಗರದ ಸಾರಿಗೆ ಇಲಾಖೆ ಹಲವು ವರ್ಷಗಳಿಂದ ಹೇಳುತ್ತ ಬಂದಿದೆ. ಕ್ಯಾಮೆರಾ ಪರಿಣಾಮಕಾರಿ ಎಂಬುದರಲ್ಲಿ ನಮಗೆ ಅನುಮಾನವಿಲ್ಲ. ಆದರೆ ಇಂಥ ಅಂಕಿಯ ಪಕ್ಕದಲ್ಲೇ ಅದೇ ಸ್ಥಳದ, ಅದೇ ಅವಧಿಯ ತಿರಸ್ಕಾರದ ಪ್ರಮಾಣ ಇರಬೇಕು. ಆಗಲೇ ಅದು ಪುರಾವೆ.

ಇನ್ನೊಂದು ಹೊಡೆತ, ಮತ್ತೆ ಮತ್ತೆ ತಪ್ಪು ಮಾಡುವವರನ್ನು ಗುರುತಿಸುವುದಕ್ಕೆ ಬೀಳುತ್ತದೆ. 2020ರಲ್ಲಿ ನಗರ ತಂದ ಕಾನೂನಿನಂತೆ, 12 ತಿಂಗಳಲ್ಲಿ 15 ವೇಗದ ನೋಟಿಸ್ ಅಥವಾ 5 ಸಿಗ್ನಲ್ ನೋಟಿಸ್ ಬಂದ ವಾಹನದ ಮಾಲೀಕರು ಸುರಕ್ಷತಾ ತರಬೇತಿಗೆ ಹಾಜರಾಗಬೇಕಿತ್ತು. ತಪ್ಪಿಸಿಕೊಂಡರೆ ವಾಹನ ಜಪ್ತಿಗೂ ಅವಕಾಶವಿತ್ತು. ಆ ಕಾರ್ಯಕ್ರಮ 2023ರಲ್ಲಿ ಮುಗಿಯಿತು. ತೀರ್ಪಾದ ಬಾಕಿ 350 ಡಾಲರ್ ದಾಟಿದರೆ ಚಕ್ರಕ್ಕೆ ಬೀಗ ಹಾಕುವ ನಿಯಮವೂ ನಗರದಲ್ಲಿದೆ. ಎರಡೂ ನಿಂತಿರುವುದು ನೋಟಿಸಿನ ಎಣಿಕೆಯ ಮೇಲೆ. ದಿನಾ 50ರಲ್ಲಿ ಓಡಿಸಿ ಪ್ಲೇಟ್ ಮುಚ್ಚಿಕೊಂಡವರ ಎಣಿಕೆ ಸೊನ್ನೆ; ಪ್ಲೇಟ್ ತೊಳೆದಿಟ್ಟುಕೊಂಡು ಅಪರೂಪಕ್ಕೆ ಎಡವಿದವರೇ ಪಟ್ಟಿಯಲ್ಲಿ. ಇದು ಅನ್ಯಾಯ ಎಂದು ಹೇಳಲು ನಮಗೆ ಯಾವ ಹಿಂಜರಿಕೆಯೂ ಇಲ್ಲ.

ಟೋಲಿನ ಲೆಕ್ಕ, 2019ರ ಪಾಠ

ಟೋಲ್ ವಸೂಲಿಯ ಕಡೆ ಚಿತ್ರ ಸ್ವಲ್ಪ ಬೇಗ ಬಯಲಾಯಿತು. ನಗರ ಪ್ರದೇಶದ ಸಾರಿಗೆ ನಡೆಸುವ ರಾಜ್ಯದ ಪ್ರಾಧಿಕಾರವಾದ ಎಂಟಿಎ ತನ್ನ ಸೇತುವೆ, ಸುರಂಗಗಳಲ್ಲಿ 2017ರಲ್ಲಿ ಟೋಲ್ ಗೇಟುಗಳನ್ನು ಕಿತ್ತು ಪೂರ್ತಿ ಕ್ಯಾಮೆರಾ ಮತ್ತು ಫಾಸ್ಟ್ಯಾಗಿನಂಥ ಇ-ಝಡ್‌ಪಾಸ್ ಟ್ಯಾಗ್‌ಗೆ ಬದಲಾಯಿತು. ಗೇಟ್ ಇದ್ದಾಗ ಪ್ಲೇಟ್ ಹೇಗಿದ್ದರೂ ಕಾಸು ಕೊಡದೆ ದಾಟುವಂತಿರಲಿಲ್ಲ. ಗೇಟ್ ಹೋದ ಮೇಲೆ ಟ್ಯಾಗ್ ಇಲ್ಲದವರಿಗೆ ಬಿಲ್ ಕಳಿಸುವ ಏಕೈಕ ದಾರಿ ಪ್ಲೇಟ್. 2023ರಲ್ಲಿ ಪ್ರಾಧಿಕಾರ ನೇಮಿಸಿದ ಸಮಿತಿ ಕೊಟ್ಟ ವರದಿಯಂತೆ, 2022ರಲ್ಲಿ ಟಿಕೆಟ್ ಮತ್ತು ಟೋಲ್ ತಪ್ಪಿಸಿದ್ದರಿಂದಾದ ಒಟ್ಟು ನಷ್ಟ 69 ಕೋಟಿ ಡಾಲರ್. ಅದರಲ್ಲಿ ಟೋಲಿನ ಪಾಲು 4.6 ಕೋಟಿ. ಆ 4.6 ಕೋಟಿಯಲ್ಲಿ ಬಿಲ್ ಹೋಗಿಯೂ ಕಟ್ಟದವರಿದ್ದಾರೆ, ಬಿಲ್ಲೇ ಹೋಗದವರೂ ಇದ್ದಾರೆ. ಇವರಿಬ್ಬರನ್ನೂ ಒಂದೇ ಮೊತ್ತಕ್ಕೆ ಹಾಕಿ ಓದಿದರೆ ತಪ್ಪಾಗುತ್ತದೆ, ಒಬ್ಬರಿಗೆ ಬೇಕಾದದ್ದು ವಸೂಲಿ ಕ್ರಮ, ಇನ್ನೊಬ್ಬರಿಗೆ ರಸ್ತೆಯಲ್ಲಿ ತಡೆದು ತಪಾಸಣೆ. 2024ರ ಮಾರ್ಚಿನಲ್ಲಿ ರಾಜ್ಯ ಮತ್ತು ನಗರ ಸೇರಿ ಜಂಟಿ ಕಾರ್ಯಪಡೆ ಕಟ್ಟಿ ಸೇತುವೆಗಳ ಬಳಿ ಇಂಥ ವಾಹನಗಳನ್ನು ಹಿಡಿಯಲು ಇಳಿದದ್ದು ಎರಡನೆಯ ದಾರಿ.

ಕಾರಣವಾರು ಲೆಕ್ಕವಿಲ್ಲದೆ ನೀತಿ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ 2019 ಸಾಕ್ಷಿ. ಆ ವರ್ಷದ ಆಗಸ್ಟಿನಲ್ಲಿ ಗವರ್ನರ್ ಆಂಡ್ರ್ಯೂ ಕುವೊಮೊ ಆಡಳಿತ, 10 ವರ್ಷಕ್ಕಿಂತ ಹಳೆಯ ಎಲ್ಲ ಪ್ಲೇಟುಗಳನ್ನೂ ನೋಂದಣಿ ನವೀಕರಣದ ವೇಳೆ ಬದಲಿಸಬೇಕೆಂದು ಪ್ರಕಟಿಸಿತು. ಶುಲ್ಕ 25 ಡಾಲರ್. ಹಳೆಯ ಸಂಖ್ಯೆಯೇ ಬೇಕಾದರೆ ಇನ್ನೂ 20. ಕೊಟ್ಟ ಕಾರಣಗಳಲ್ಲಿ ಟೋಲ್ ಮತ್ತು ಸಿಗ್ನಲ್ ಕ್ಯಾಮೆರಾಗಳಿಗೆ ಪ್ಲೇಟ್ ಓದುವಂತಿರಬೇಕು ಎಂಬುದೂ ಒಂದು. ಜನ ಸಿಟ್ಟಿಗೆದ್ದರು: ನನ್ನ ಪ್ಲೇಟ್ ಚೆನ್ನಾಗಿಯೇ ಇದೆ, ನಾನೇಕೆ ಕಟ್ಟಬೇಕು? ಯೋಜನೆ ಬಿದ್ದುಹೋಯಿತು. ಹಾಳಾದ ಪ್ಲೇಟನ್ನು ಬದಲಿಸುವ ಉದ್ದೇಶ ಸರಿಯೇ, ಆದರೆ ವಯಸ್ಸನ್ನು ಅಳತೆಗೋಲು ಮಾಡಿಕೊಂಡದ್ದು ತಪ್ಪು. ಸಿಪ್ಪೆ ಎದ್ದ ಪ್ಲೇಟುಗಳೆಷ್ಟು, ಯಾವ ವರ್ಷದ ತಯಾರಿಕೆ, ಯಾವ ಸರಣಿ ಎಂದು ಹೇಳುವ ಒಂದು ಕೋಷ್ಟಕ ಕೈಯಲ್ಲಿದ್ದಿದ್ದರೆ ಆ ಸರಣಿಗಳನ್ನಷ್ಟೇ ಉಚಿತವಾಗಿ ಹಿಂಪಡೆಯಬಹುದಿತ್ತು.

ವರದಿ ಹೇಗಿರಬೇಕು

ಕೋಷ್ಟಕದ ಮೊದಲ ಸಾಲು, ವೇಗಮಿತಿ ದಾಟಿದ್ದರಿಂದ ಕ್ಯಾಮೆರಾ ಚಾಲೂ ಆದ ಎಲ್ಲ ಘಟನೆಗಳು. ಯಾವುದನ್ನೂ ಮುಂಚೆಯೇ ತೆಗೆಯಬಾರದು. ಆಮೇಲೆ ತುರ್ತು ವಾಹನ ಮತ್ತಿತರ ವಿನಾಯಿತಿ ಕಳೆಯಬೇಕು. ಉಳಿದದ್ದೇ ಭಾಜಕ, ಮುಂದಿನ ಶೇಕಡಾವಾರುಗಳೆಲ್ಲ ಅದರ ಮೇಲೆ. ನಂತರ ತಿರಸ್ಕಾರದ ಕಾರಣಗಳು, ಒಂದು ಘಟನೆಗೆ ಒಂದೇ ಕಾರಣ ಬರುವಂತೆ ಆದ್ಯತೆಯ ಕ್ರಮದಲ್ಲಿ: ಚಿತ್ರದ ದೋಷ, ಪ್ಲೇಟ್ ಇಲ್ಲ, ಮುಚ್ಚಿದೆ ಅಥವಾ ತಿರುಚಿದೆ, ಸವೆದಿದೆ, ರಾಜ್ಯ ತಿಳಿಯದು, ತಾತ್ಕಾಲಿಕ ಪ್ಲೇಟಿಗೆ ದಾಖಲೆಯಿಲ್ಲ, ದಾಖಲೆಯ ವಾಹನ ಬೇರೆ. 'ಇತರೆ' ಎಂಬ ಸಾಲು ಶೇ 5 ದಾಟಿದರೆ ವರ್ಗೀಕರಣ ಸರಿಯಿಲ್ಲವೆಂದೇ ಅರ್ಥ. ಚಿತ್ರದ ದೋಷವನ್ನು ಮೊದಲಿಗೆ ಇಟ್ಟದ್ದು ಬೇಕೆಂದೇ, ಏಕೆಂದರೆ ಉಪಕರಣ ಸರಿಯಿತ್ತೆಂದು ಖಚಿತವಾಗದೆ ಪ್ಲೇಟಿನ ಮೇಲೆ ಆರೋಪ ಹೊರಿಸಬಾರದು.

ದಿನಾಂಕದ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ಡಿಸೆಂಬರ್ 20ರ ಘಟನೆಯ ನೋಟಿಸ್ ಹೊರರಾಜ್ಯದ ಮಾಲೀಕರಿಗೆ ಫೆಬ್ರುವರಿಯಲ್ಲಿ ಹೋಗಬಹುದು. ಘಟನೆಗಳನ್ನು ಒಂದು ವರ್ಷದಲ್ಲಿ, ನೋಟಿಸುಗಳನ್ನು ಇನ್ನೊಂದರಲ್ಲಿ ಎಣಿಸಿದರೆ ವ್ಯತ್ಯಾಸ ಸುಳ್ಳಾಗುತ್ತದೆ. ಎಲ್ಲವನ್ನೂ ಘಟನೆಯ ದಿನಾಂಕಕ್ಕೇ ಕಟ್ಟಬೇಕು, ಗಡುವು ಮುಗಿದ ಮೇಲೆಯೇ ಲೆಕ್ಕ ಮುಚ್ಚಬೇಕು.

ವಿಂಗಡಣೆ ಸರಿಯಿದೆಯೇ ಎಂದು ಪರೀಕ್ಷಿಸಲು ತಿಂಗಳಿಗೆ 400 ತಿರಸ್ಕೃತ ಚಿತ್ರಗಳನ್ನು ಯಾದೃಚ್ಛಿಕವಾಗಿ ಎತ್ತಿ, ಮೊದಲ ಪರಿಶೀಲಕರ ನಿರ್ಧಾರ ತೋರಿಸದೆ ಇನ್ನೊಬ್ಬರಿಗೆ ಕೊಡಬೇಕು. 400ರ ಮಾದರಿಯಲ್ಲಿ ದೋಷದ ಅಂಚು ಹೆಚ್ಚೆಂದರೆ ಐದು ಶೇಕಡಾ ಅಂಶ, ಈ ಕೆಲಸಕ್ಕೆ ಅದು ಸಾಕು. ಕ್ಯಾಮೆರಾವಾರು ಅಂಕಿಯನ್ನೂ ತೆಗೆಯಬೇಕು. ಒಂದೇ ಕಂಬದಲ್ಲಿ ತಿರಸ್ಕಾರ ಏಕಾಏಕಿ ಏರಿ ಪಕ್ಕದ ಕಂಬಗಳಲ್ಲಿ ಏರದಿದ್ದರೆ ಅದು ಬಹುತೇಕ ಮಸೂರದ ಅಥವಾ ಕೋನದ ಸಮಸ್ಯೆ. ಇಡೀ ನಗರದಲ್ಲಿ ಒಟ್ಟಿಗೆ ಏರಿದರೆ ಪ್ಲೇಟುಗಳ ಸಮಸ್ಯೆ. ಪ್ಲೇಟ್ ಸಂಖ್ಯೆ, ಚಿತ್ರ ಪ್ರಕಟಿಸಬಾರದು. ಯಾವ ಬಗೆಯ ಹೊದಿಕೆ ಕ್ಯಾಮೆರಾವನ್ನು ಹೆಚ್ಚು ವಂಚಿಸುತ್ತದೆ ಎಂಬ ವಿವರವನ್ನಂತೂ ಹೊರಬಿಡಲೇಬಾರದು.

ಬೆಂಗಳೂರಿಗೆ ಸಂಬಂಧಿಸಿದ್ದು

ಬೆಂಗಳೂರಿನಲ್ಲಿ 2022ರ ಡಿಸೆಂಬರಿನಲ್ಲಿ ಶುರುವಾದ ಐಟಿಎಂಎಸ್ (ಕ್ಯಾಮೆರಾ ಆಧಾರಿತ ಸಂಚಾರ ನಿರ್ವಹಣೆಯ) ವ್ಯವಸ್ಥೆ 50 ಜಂಕ್ಷನ್‌ಗಳಲ್ಲಿ ಪ್ಲೇಟ್ ಓದುವ 250 ಕ್ಯಾಮೆರಾ, ಸಿಗ್ನಲ್ ಉಲ್ಲಂಘನೆಯ 80 ಕ್ಯಾಮೆರಾಗಳೊಂದಿಗೆ ಬಂತು. ಕೇಂದ್ರ ಮೋಟಾರು ವಾಹನ ನಿಯಮಗಳ 167ಎ, ಉಪಕರಣಕ್ಕೆ ಪ್ರತಿ ವರ್ಷ ನವೀಕರಿಸುವ ಪ್ರಮಾಣಪತ್ರ ಬೇಕೆನ್ನುತ್ತದೆ, ನೋಟಿಸ್ 15 ದಿನದೊಳಗೆ ಹೋಗಬೇಕೆನ್ನುತ್ತದೆ. ಮೇಲಿನ ಕೋಷ್ಟಕವನ್ನು ಇಲ್ಲಿಗೆ ತರುವುದಾದರೆ ಒಂದು ದೊಡ್ಡ ಬದಲಾವಣೆ ಮಾಡಲೇಬೇಕು: ದ್ವಿಚಕ್ರ ವಾಹನಕ್ಕೆ ಬೇರೆ ಅಂಕಣ.

ಕಾರಣ ಅಳತೆಯಲ್ಲಿದೆ. 51ನೇ ನಿಯಮದಂತೆ ಕಾರಿನ ಅಕ್ಷರದ ಎತ್ತರ 65 ಮಿಲಿಮೀಟರ್, ಗೆರೆಯ ದಪ್ಪ 10. ಬೈಕಿನ ಹಿಂದಿನ ಪ್ಲೇಟಿನಲ್ಲಿ ಅಕ್ಷರ 35, ಅಂಕೆ 40, ಮುಂದೆ 30. ಯಂತ್ರ ನಂಬಿಕೆಯಿಂದ ಓದಲು ಅಕ್ಷರದ ಎತ್ತರಕ್ಕೆ ಸುಮಾರು 20 ಪಿಕ್ಸೆಲ್ ಬೇಕು. ಹಾಗೆ ಲೆಕ್ಕ ಹಾಕಿದರೆ 3.5 ಮೀಟರ್ ಅಗಲದ ಒಂದು ಲೇನಿಗೆ ಕಾರಿಗಾದರೆ ಸುಮಾರು 1,080 ಪಿಕ್ಸೆಲ್ ಸಾಕು, ಬೈಕಿನ ಹಿಂಬದಿಗೆ 2,000, ಮುಂಬದಿಗೆ 2,300ಕ್ಕೂ ಹೆಚ್ಚು. ಮೂರು ಲೇನುಗಳನ್ನು ಒಂದೇ ಕ್ಯಾಮೆರಾಗೆ ಒಪ್ಪಿಸಿದರೆ ಕಾರುಗಳು ಸಿಗುತ್ತವೆ, ಬೈಕುಗಳು ಜಾರಿಹೋಗುತ್ತವೆ, ತಪ್ಪು ಮಾತ್ರ ಬೈಕಿನ ಪ್ಲೇಟಿನದೆಂದು ದಾಖಲಾಗುತ್ತದೆ. ಪ್ಲೇಟಿಗೆ ಮಾಸ್ಕ್ ಸಿಕ್ಕಿಸಿಕೊಂಡು ಓಡುವವರು ಇದ್ದೇ ಇದ್ದಾರೆ. ಅವರನ್ನು ಕ್ಯಾಮೆರಾದ ಮಿತಿಯಿಂದ ತಪ್ಪಿಹೋದ ಸವಾರರ ಜೊತೆ ಒಂದೇ ಸಾಲಿಗೆ ಸೇರಿಸಬಾರದು.

ಅಂಕೆಗಳನ್ನು ಕನ್ನಡದಲ್ಲಿ ಬರೆಸಿದ ಪ್ಲೇಟುಗಳಿಗೂ ಒಂದು ಪ್ರತ್ಯೇಕ ಸಾಲು ಬೇಕು. 50ನೇ ನಿಯಮ ಇಂಗ್ಲಿಷ್ ಅಕ್ಷರ, ಅರೇಬಿಕ್ (1, 2, 3 ರೀತಿಯ) ಅಂಕೆಗಳನ್ನೇ ಕೇಳುತ್ತದೆ, ಹಾಗಾಗಿ ಇದು ನಿಯಮಬಾಹಿರ ಹೌದು. ಆದರೆ ಮರೆಮಾಚುವ ಉದ್ದೇಶದಿಂದ ಮಾಡಿದ್ದಲ್ಲ, ದಾರಿಯಲ್ಲಿ ನಿಂತ ಯಾವ ಪೊಲೀಸರಾದರೂ ಓದಬಲ್ಲರು. 2019ರ ಏಪ್ರಿಲ್ 1ಕ್ಕಿಂತ ಮೊದಲು ನೋಂದಣಿಯಾದ ವಾಹನಗಳಿಗೂ ಅತಿ ಸುರಕ್ಷಿತ ನಂಬರ್ ಪ್ಲೇಟ್ ಆದ ಎಚ್‌ಎಸ್‌ಆರ್‌ಪಿ ಕಡ್ಡಾಯವೆಂದು ಕರ್ನಾಟಕ 2023ರ ಆಗಸ್ಟಿನಲ್ಲಿ ಅಧಿಸೂಚನೆ ಹೊರಡಿಸಿ, ಗಡುವನ್ನು ಮತ್ತೆ ಮತ್ತೆ ಮುಂದೂಡಿತು. ಎಚ್‌ಎಸ್‌ಆರ್‌ಪಿ ಹಾಕಿಸಿದ ಮತ್ತು ಹಾಕಿಸದ ವಾಹನಗಳ ತಿರಸ್ಕಾರದ ಪ್ರಮಾಣವನ್ನು ಅಕ್ಕಪಕ್ಕ ಇಟ್ಟು, ಕಾರು ಬೈಕುಗಳಿಗೆ ಬೇರೆಬೇರೆಯಾಗಿ ಮೂರು ತಿಂಗಳಿಗೊಮ್ಮೆ ಪ್ರಕಟಿಸಿದರೆ, ಹೊಸ ಪ್ಲೇಟಿಗೆ ದುಡ್ಡು ಕಟ್ಟಿದವರಿಗೆ ಅದರಿಂದ ರಸ್ತೆಯಲ್ಲಿ ಏನು ಬದಲಾಯಿತು ಎಂಬುದು ಅಂಕಿಗಳಲ್ಲೇ ಸಿಗುತ್ತದೆ. ಅದಕ್ಕೆ ಹೊಸ ಕ್ಯಾಮೆರಾ ಬೇಕಿಲ್ಲ; ತಿರಸ್ಕೃತ ಚಿತ್ರಗಳನ್ನು ಕಾರಣ ಬರೆಯದೆ ಅಳಿಸುವುದನ್ನು ನಿಲ್ಲಿಸಬೇಕು.